ಲಾಂಛನದ ಮುಂದೆ ಹೋಗದ ಫೋನು

ಬೆಳಗ್ಗೆ ಎದ್ದು ಫೋನಿನ ಗುಂಡಿಯನ್ನು ಒತ್ತುತ್ತೀರಿ. ಪರದೆ ಬೆಳಗುತ್ತದೆ, ತಯಾರಿಸಿದ ಸಂಸ್ಥೆಯ ಲಾಂಛನ ಮೂಡುತ್ತದೆ. ಅಲ್ಲಿಗೆ ನಿಂತಿತು. ಹತ್ತು ನಿಮಿಷ ಕಳೆದರೂ ಲಾಂಛನ ಕದಲುವುದಿಲ್ಲ. ಇಲ್ಲವೆ, ಪರದೆ ಕಪ್ಪಾಗುತ್ತದೆ, ಪುನಃ ಅದೇ ಲಾಂಛನ ಬರುತ್ತದೆ, ಪುನಃ ಕಪ್ಪಾಗುತ್ತದೆ. ಗಾಣದೆತ್ತಿನ ಹಾಗೆ ಸುತ್ತಿದ ದಾರಿಯನ್ನೇ ಸುತ್ತುತ್ತಿರುತ್ತದೆ. ಪೂರ್ತಿ ಸತ್ತ ಫೋನಾದರೆ ಮನಸ್ಸಿಗೆ ಒಂದು ನಿಶ್ಚಯವಾದರೂ ಇರುತ್ತದೆ. ಇದು ಬದುಕಿಯೂ ಇಲ್ಲ, ಸತ್ತೂ ಇಲ್ಲ.

ಇಂಥ ಹೊತ್ತಿನಲ್ಲಿ ಮನೆಯವರು, ನೆರೆಯವರು, ಅಂಗಡಿಯವರು ಎಲ್ಲರೂ ಹೇಳತಕ್ಕ ಮಾತು ಒಂದೇ: “ಎಲ್ಲವನ್ನೂ ಅಳಿಸಿ ಹೊಸದಾಗಿ ಶುರುಮಾಡಿಬಿಡಿ, ಸರಿಹೋಗುತ್ತದೆ.” ಸರಿಹೋಗುವುದೂ ಉಂಟು. ಆದರೆ ಫೋನಿನ ಬೆಲೆ ಹತ್ತೋ ಇಪ್ಪತ್ತೋ ಸಾವಿರ. ಅದರೊಳಗೆ ಇದ್ದ ಮೊಮ್ಮಗುವಿನ ಮೊದಲ ಹೆಜ್ಜೆಯ ಚಿತ್ರಕ್ಕೆ, ತೀರಿಹೋದ ತಾಯಿಯ ಧ್ವನಿಯ ಎರಡು ನಿಮಿಷದ ಸಂದೇಶಕ್ಕೆ ಬೆಲೆ ಕಟ್ಟುವವರು ಯಾರು? ಫೋನು ಕೆಟ್ಟ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡುತ್ತೇವೆ ಎಂಬುದರ ಮೇಲೆ ಇವು ಉಳಿಯುವುದೂ ಹೋಗುವುದೂ ನಿಂತಿರುತ್ತದೆ. ಆದುದರಿಂದ ಗುಂಡಿಗಳ ಮೇಲೆ ಕೈಯಿಡುವ ಮುನ್ನ, ಯಂತ್ರವು ಏಳುವಾಗ ಒಳಗೆ ಏನೇನು ನಡೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಅದು ಎಲ್ಲಿ ನಿಂತಿತು ಎಂಬುದು ಗೊತ್ತಾದರೆ ಏಕೆ ನಿಂತಿತು ಎಂಬುದು ಮುಕ್ಕಾಲು ಪಾಲು ಗೊತ್ತಾದಂತೆಯೆ.

ಹಳೆಯ ವಾಲ್ವ್ ರೇಡಿಯೊ ನಿಮ್ಮ ಮನೆಯಲ್ಲಿ ಇದ್ದಿದ್ದರೆ, ಗುಂಡಿ ತಿರುಗಿಸಿದೊಡನೆ ಅದು ಮಾತನಾಡುತ್ತಿರಲಿಲ್ಲ ಎಂಬುದು ನೆನಪಿರಬಹುದು. ವಾಲ್ವುಗಳು ಕಾಯುವವರೆಗೆ ಅರೆ ನಿಮಿಷ ಕಾಯಬೇಕಾಗಿತ್ತು. ಅಲ್ಲಿ ಆಗುತ್ತಿದ್ದುದು ಬರಿಯ ಶಾಖದ ಕೆಲಸ. ಇಂದಿನ ಫೋನು ಏಳುವಾಗ ತೆಗೆದುಕೊಳ್ಳುವ ಅರೆ ನಿಮಿಷದಲ್ಲಿ ಆಗುವುದು ಬೇರೆಯೇ ಬಗೆಯ ಕೆಲಸ. ಅದನ್ನು ನಮ್ಮ ಹಳೆಯ ತೊಟ್ಟಿಮನೆಗೆ ಹೋಲಿಸಬಹುದು. ಬೀದಿಬಾಗಿಲು, ಹಜಾರದ ಬಾಗಿಲು, ತೊಟ್ಟಿಯ ಬಾಗಿಲು, ಕಡೆಗೆ ಒಳಕೋಣೆಯ ಬಾಗಿಲು: ಒಂದನ್ನು ತೆರೆದವನು ಒಳಗೆ ಹೋಗಿ ಮುಂದಿನದನ್ನು ತೆರೆಯಬೇಕು.

ಮೊದಲನೆಯ ಬಾಗಿಲು ಮುಖ್ಯ ಚಿಪ್ಪಿನೊಳಗೇ ಕೆತ್ತಿದಂತೆ ಇರುವ ಒಂದು ಪುಟ್ಟ ತಂತ್ರಾಂಶ. ಅದನ್ನು ಕಾರ್ಖಾನೆಯಲ್ಲಿಯೆ ಬರೆದು ಮುಗಿಸಿರುತ್ತಾರೆ, ಬದಲಿಸಲು ಬರುವುದಿಲ್ಲ. ಅದು ಎಚ್ಚೆತ್ತು ‘ಬೂಟ್‌ಲೋಡರ್’ ಎಂಬ ಎರಡನೆಯ ತಂತ್ರಾಂಶವನ್ನು ಹುಡುಕಿ, ಅದರ ಮೇಲೆ ತಯಾರಕರ ಗುಪ್ತಮುದ್ರೆ ಸರಿಯಾಗಿದೆಯೆ ಎಂದು ಪರೀಕ್ಷಿಸಿ, ಸರಿಯಿದ್ದರೆ ಕೆಲಸವನ್ನು ಅದರ ಕೈಗೆ ಒಪ್ಪಿಸುತ್ತದೆ. ನಿಮಗೆ ಕಾಣುವ ಮೊದಲನೆಯ ನಿಶ್ಚಲ ಲಾಂಛನ ಸಾಮಾನ್ಯವಾಗಿ ಈ ಬೂಟ್‌ಲೋಡರ್ ತೋರಿಸಿದ್ದು. ಅದು ತನ್ನ ಸರದಿಯಲ್ಲಿ ‘ಕರ್ನೆಲ್’ ಎಂಬ ತಿರುಳನ್ನು ಪರೀಕ್ಷಿಸಿ ಎಬ್ಬಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಈ ತಿರುಳು ಲಿನಕ್ಸ್; ೧೯೯೧ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಆರಂಭಿಸಿದ ಕೆಲಸ ಅದು. ತಿರುಳು ಎದ್ದ ಮೇಲೆ ಸ್ಮೃತಿ, ಪರದೆ, ಸ್ಪರ್ಶ, ರೇಡಿಯೊ ಭಾಗಗಳು ಒಂದೊಂದಾಗಿ ಅದರ ಹತೋಟಿಗೆ ಬರುತ್ತವೆ. ಅನಂತರ ಆಂಡ್ರಾಯ್ಡಿನ ನೂರಾರು ಸೇವೆಗಳು ಏಳತೊಡಗುತ್ತವೆ. ಆಗಲೇ ಲಾಂಛನಕ್ಕೆ ಚಲನೆ ಬರುವುದು. ಬಣ್ಣದ ಚುಕ್ಕೆಗಳೋ ಅಲೆಗಳೋ ಕುಣಿಯುತ್ತವೆ. ರೇಡಿಯೊ ನಿಲಯ ಬೆಳಗಿನ ಪ್ರಸಾರವನ್ನು ಆರಂಭಿಸುವ ಮುನ್ನ ನುಡಿಸುವ ಸಂಕೇತವಾದ್ಯದಂತೆ, ಅದು ಒಳಗೆ ಸಿದ್ಧತೆ ನಡೆದಿದೆ ಎಂಬುದರ ಸೂಚನೆ.

ಇದನ್ನೆಲ್ಲ ‘ಬೂಟ್’ ಆಗುವುದು ಎಂದು ಏಕೆ ಕರೆಯುತ್ತಾರೆಂದರೆ, ತನ್ನ ಪಾದರಕ್ಷೆಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನುಡಿಗಟ್ಟು ಇದಕ್ಕೆ ಮೂಲ. ನಿದ್ದೆಯಲ್ಲಿರುವವನು ತನ್ನನ್ನು ತಾನೇ ಎಬ್ಬಿಸಿಕೊಳ್ಳಬೇಕಾದ ಪೇಚು ಅದರಲ್ಲಿ ಚೆನ್ನಾಗಿ ವ್ಯಕ್ತವಾಗಿದೆ.

ಕೊನೆಯದು ಒಳಕೋಣೆಯ ಬಾಗಿಲು. ಅದರ ಬೀಗದಕೈ ಯಂತ್ರದ ಬಳಿ ಪೂರ್ತಿಯಾಗಿ ಇರುವುದಿಲ್ಲ. ಅರ್ಧ ಚಿಪ್ಪಿನಲ್ಲಿ, ಅರ್ಧ ನಿಮ್ಮ ತಲೆಯಲ್ಲಿ. ಫೋನು ಎದ್ದ ಮೇಲೆ ಮೊದಲ ಸಲ ನಿಮ್ಮ ಗುಪ್ತಸಂಖ್ಯೆಯನ್ನು ಒತ್ತಿದಾಗಲೇ ಚಿತ್ರ, ಪತ್ರ, ವಿಳಾಸಗಳ ಕೋಣೆ ತೆರೆಯುವುದು. ಅದಕ್ಕೆ ಮುಂಚೆ ಯಾರಾದರೂ ಕರೆ ಮಾಡಿದರೆ ಫೋನು ಗಂಟೆ ಬಾರಿಸುತ್ತದೆ, ಆದರೆ ಕರೆದವರ ಹೆಸರು ಬಾರದೆ ಬರಿಯ ಸಂಖ್ಯೆ ಕಾಣಿಸುತ್ತದೆ. ಅನೇಕರು ಇದನ್ನು ದೋಷವೆಂದು ತಿಳಿಯುತ್ತಾರೆ. ದೋಷವಲ್ಲ, ವಿಳಾಸಪುಸ್ತಕ ಇನ್ನೂ ಬೀಗದೊಳಗಿದೆ, ಅಷ್ಟೆ.

ಈಗ ನಿಮ್ಮ ಫೋನಿನ ಕಡೆಗೆ ಬರೋಣ. ಅದು ನಿಂತದ್ದು ಎಲ್ಲಿ? ನಿಶ್ಚಲ ಲಾಂಛನದಲ್ಲಿಯೆ ನಿಂತರೆ, ಅಥವಾ ಅಲ್ಲಿಂದಲೇ ಮತ್ತೆ ಮತ್ತೆ ಮೊದಲಿಗೆ ಬಂದರೆ, ಕೆಳಗಿನ ಮೆಟ್ಟಿಲುಗಳಲ್ಲಿ ತೊಂದರೆ: ಅರ್ಧಕ್ಕೆ ನಿಂತ ತಂತ್ರಾಂಶದ ನವೀಕರಣ, ಸೋತ ಬ್ಯಾಟರಿ, ಕಚ್ಚಿಕೊಂಡ ಗುಂಡಿ, ಒಳಗಿನ ಬೆಸುಗೆ. ಚಲಿಸುವ ಲಾಂಛನದವರೆಗೆ ಬಂದು ಅಲ್ಲಿ ಸುತ್ತುತ್ತಿದ್ದರೆ ಯಂತ್ರಭಾಗ ಬಹುಮಟ್ಟಿಗೆ ಸರಿಯಾಗಿದೆ. ಮೇಲಿನ ಸೇವೆಗಳಲ್ಲಿ ಯಾವುದೋ ಒಂದು ಎಡವುತ್ತಿದೆ. ಬೀಗದ ಪರದೆಯವರೆಗೆ ಬಂದು ಗುಪ್ತಸಂಖ್ಯೆ ಒತ್ತಿದ ಮೇಲೆ ಮರಗಟ್ಟಿದರೆ, ಒಳಕೋಣೆಯಲ್ಲಿ ಜಾಗವಿಲ್ಲ ಎಂದೋ ನೀವು ಹಾಕಿಕೊಂಡ ಯಾವುದೋ ಆ್ಯಪ್ ಕಾಟ ಕೊಡುತ್ತಿದೆ ಎಂದೋ ಮೊದಲು ಶಂಕಿಸಬೇಕು. ಕೊನೆಯ ಎರಡು ಸಂದರ್ಭಗಳಲ್ಲಿ ನಿಮ್ಮ ಮಾಹಿತಿ ಸಾಮಾನ್ಯವಾಗಿ ಕುಂದಿಲ್ಲದೆ ಒಳಗೇ ಇರುತ್ತದೆ. ಬಾಗಿಲಲ್ಲಿ ಏನೋ ಅಡ್ಡ ಬಿದ್ದಿದೆ, ಮನೆ ಬಿದ್ದಿಲ್ಲ.

ಅಡ್ಡ ಬೀಳುವ ವಸ್ತು ಎಷ್ಟು ಅಲ್ಪವಾಗಿರಬಹುದೆಂಬುದಕ್ಕೆ ೨೦೨೦ರಲ್ಲಿ ನಡೆದ ಒಂದು ಪ್ರಕರಣವನ್ನು ಹೇಳುತ್ತೇನೆ. ನನಗಂತೂ ಇದು ಬಹಳ ಸ್ವಾರಸ್ಯವಾಗಿ ಕಂಡಿತು. ಅಮೆರಿಕದ ಮೊಂಟಾನಾ ಸಂಸ್ಥಾನದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಸೇಂಟ್ ಮೇರಿ ಎಂಬ ಸರೋವರವಿದೆ. ಹವ್ಯಾಸಿ ಛಾಯಾಗ್ರಾಹಕರೊಬ್ಬರು ೨೦೧೯ರಲ್ಲಿ ಅದರ ಸಂಜೆಯ ನೋಟವನ್ನು ಸೆರೆಹಿಡಿದರು. ಮೋಡ, ಬೆಟ್ಟ, ನೀರು ಎಲ್ಲ ಸೊಗಸಾಗಿ ಬಂದಿತ್ತು. ಮರು ವರ್ಷ ಮೇ ತಿಂಗಳ ಕೊನೆಗೆ ಆ ಚಿತ್ರವನ್ನು ಫೋನಿನ ಹಿನ್ನೆಲೆಯಾಗಿ ಹಾಕಿಕೊಂಡವರ ಆಂಡ್ರಾಯ್ಡ್ ಫೋನುಗಳು ಸಾಲುಸಾಲಾಗಿ ನಿಂತುಹೋದವು. ಪರದೆ ಬೆಳಗುವುದು, ಆರುವುದು, ಬೆಳಗುವುದು, ಆರುವುದು. ಒಂದು ಚಿತ್ರ ಫೋನನ್ನು ಕೊಲ್ಲುತ್ತದೆ ಎಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಮಾಟವೋ ಎಂಬಂತೆ ಜನ ಮಾತನಾಡಿಕೊಂಡರು.

ಮಾಟವೇನೂ ಇರಲಿಲ್ಲ, ಒಂದು ಕೂಡುವ ಲೆಕ್ಕ ಇತ್ತು. ಫೋನು ಹಿನ್ನೆಲೆಯ ಚಿತ್ರವನ್ನು ಹಾಕುವ ಮುನ್ನ ಅದರ ಪ್ರತಿಯೊಂದು ಬಿಂದುವಿನ ಕಾಂತಿ ಎಷ್ಟೆಂದು ಎಣಿಸಿ, ಸೊನ್ನೆಯಿಂದ ೨೫೫ರವರೆಗಿನ ೨೫೬ ಗೂಡುಗಳಲ್ಲಿ ತುಂಬುತ್ತದೆ. ಕೆಂಪು, ಹಸಿರು, ನೀಲಿ ಮೂರರ ಪಾಲನ್ನೂ ಕೂಡಿದರೆ ಕಾಂತಿ ದೊರೆಯುತ್ತದೆ. ಈ ಚಿತ್ರವಾದರೋ ಫೋನುಗಳು ಸಾಮಾನ್ಯವಾಗಿ ನಿರೀಕ್ಷಿಸುವ ವರ್ಣಶ್ರೇಣಿಗಿಂತ ಬಹು ವಿಶಾಲವಾದ, ವೃತ್ತಿಪರ ಛಾಯಾಗ್ರಾಹಕರು ಬಳಸುವ ಶ್ರೇಣಿಯಲ್ಲಿ ಉಳಿಸಿದ್ದಾಗಿತ್ತು. ಕೂಡಿ ಪೂರ್ಣಾಂಕ ಮಾಡುವಾಗ ಎಲ್ಲಿಯೋ ಮೊತ್ತ ೨೫೬ ಆಯಿತು. ೨೫೬ ಎಂಬ ಸಂಖ್ಯೆಗೆ ಗೂಡಿಲ್ಲ. ಇಲ್ಲದ ಗೂಡಿಗೆ ಕೈಹಾಕಿದ ಸೇವೆ ಒಡನೆಯೆ ಕುಸಿಯಿತು. ಆ ಸೇವೆಯಿಲ್ಲದೆ ಪರದೆಯಿಲ್ಲ. ಆದಕಾರಣ ವ್ಯವಸ್ಥೆ ಅದನ್ನು ಮತ್ತೆ ಎಬ್ಬಿಸಿತು. ಎದ್ದು ಮಾಡುವ ಮೊದಲ ಕೆಲಸವೇನು? ಅದೇ ಚಿತ್ರವನ್ನು ಹಾಕುವುದು! ಮತ್ತೆ ಕುಸಿತ.

ಗಮನಿಸಬೇಕಾದುದು ಇದು: ಆ ಫೋನುಗಳಲ್ಲಿ ಯಂತ್ರಕ್ಕೆ ಏನೂ ಆಗಿರಲಿಲ್ಲ, ಮಾಲೀಕರ ಒಂದು ಅಕ್ಷರವೂ ನಷ್ಟವಾಗಿರಲಿಲ್ಲ. ಒಂದು ಅಂಕದ ಹೆಚ್ಚುವರಿ, ಅಷ್ಟೆ. ಕೆಲವರು ಸೇಫ್ ಮೋಡಿನ ಮೂಲಕ ಒಳಹೊಕ್ಕು ಚಿತ್ರವನ್ನು ಬದಲಿಸಿ ಪಾರಾದರು. ಅದು ಸಾಧ್ಯವಾಗದವರು ಎಲ್ಲವನ್ನೂ ಅಳಿಸಬೇಕಾಯಿತು. ಆಂಡ್ರಾಯ್ಡ್ ೧೦ರಲ್ಲಿದ್ದ ಈ ದೋಷವನ್ನು ೧೧ರಲ್ಲಿ ಸರಿಪಡಿಸಿದರು.

ಆಪಲ್ ಸಂಸ್ಥೆಯ ಫೋನುಗಳಿಗೂ ಇಂಥದೊಂದು ಕಂಟಕ ಬಂದಿತ್ತು. ೨೦೧೬ರ ಫೆಬ್ರುವರಿಯಲ್ಲಿ, ಐಫೋನಿನ ದಿನಾಂಕವನ್ನು ೧೯೭೦ರ ಜನವರಿ ೧ಕ್ಕೆ ತಿರುಗಿಸಿ ಒಮ್ಮೆ ಆರಿಸಿ ಹೊತ್ತಿಸಿದರೆ ಅದು ಸೇಬಿನ ಲಾಂಛನದಲ್ಲಿಯೆ ನಿಂತುಬಿಡುತ್ತದೆ ಎಂದು ಗೊತ್ತಾಯಿತು. ಗಣಕಗಳ ಲೋಕದಲ್ಲಿ ಕಾಲದ ಎಣಿಕೆ ಆರಂಭವಾಗುವುದು ಅದೇ ದಿನ, ಗ್ರೀನಿಚ್ಚಿನ ನಡುರಾತ್ರಿಗೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ನಮ್ಮ ೧೯೭೦ರ ಜನವರಿ ೧ರ ನಡುರಾತ್ರಿ ಆ ಎಣಿಕೆಯಲ್ಲಿ ಸೊನ್ನೆಗಿಂತ ಕೆಳಗೆ ಬೀಳುತ್ತದೆ. ಋಣಸಂಖ್ಯೆಯಾದ ಕಾಲವನ್ನು ಕಂಡು ಯಂತ್ರ ತಬ್ಬಿಬ್ಬಾಯಿತೆಂದು ಆಗ ಹಲವರು ಊಹಿಸಿದರು. ಎಲ್ಲವನ್ನೂ ಅಳಿಸಿ ತಂತ್ರಾಂಶವನ್ನು ಹೊಸದಾಗಿ ತುಂಬಿದರೂ ಫೋನು ಏಳಲಿಲ್ಲವೆಂದು ಬಳಕೆದಾರರು ವರದಿ ಮಾಡಿದರು. ಬ್ಯಾಟರಿ ಪೂರ್ತಿ ಬರಿದಾದ ಮೇಲೆ ಕೆಲವು ತಾವಾಗಿಯೆ ಎದ್ದವು! ಆಪಲ್ ಮಾರ್ಚಿಯಲ್ಲಿ ಹೊರತಂದ ಐಓಎಸ್ ೯.೩ರಲ್ಲಿ ದೋಷವನ್ನು ತೆಗೆದುಹಾಕಿತು. ಆತುರದಿಂದ ಅಳಿಸಿದವರಿಗೆ ದಕ್ಕಿದ್ದೇನು ಎಂಬುದನ್ನು ನೀವೇ ಯೋಚಿಸಿ ನೋಡಿ.

ಹಾಗಾದರೆ ಏನು ಮಾಡಬೇಕು? ನಿರಪಾಯವಾದುದನ್ನು ಮೊದಲು, ಅಪಾಯವಾದುದನ್ನು ಕಡೆಗೆ.

ಮೊಟ್ಟಮೊದಲು ಮಾಡಬೇಕಾದುದು ಕಾಯುವುದು. ರಾತ್ರಿ ತಂತ್ರಾಂಶದ ನವೀಕರಣವೇನಾದರೂ ಆಗಿದ್ದರೆ ಮೊದಲ ಸಲ ಏಳಲು ಫೋನಿಗೆ ಕಾಲು ಗಂಟೆ, ಒಮ್ಮೊಮ್ಮೆ ಅರ್ಧ ಗಂಟೆ ಬೇಕಾಗುವುದುಂಟು. ಹಳೆಯ ಆ್ಯಪ್‌ಗಳನ್ನೆಲ್ಲ ಹೊಸ ವ್ಯವಸ್ಥೆಗೆ ಹೊಂದಿಸಬೇಕಾದ ಕೆಲಸ ಇರುತ್ತದೆ. ನಡುವೆ ಗುಂಡಿ ಒತ್ತಿ ನಿಲ್ಲಿಸಿದವರು ಇಲ್ಲದ ರೋಗವನ್ನು ತಂದುಕೊಂಡಂತೆ. ೨೦೧೬ರಲ್ಲಿ ಬಂದ ಆಂಡ್ರಾಯ್ಡ್ ೭ರಿಂದ ಈಚೆಗೆ ಅನೇಕ ಫೋನುಗಳಲ್ಲಿ ವ್ಯವಸ್ಥೆಯ ಎರಡು ಪ್ರತಿಗಳನ್ನು ಇಡುವ ಏರ್ಪಾಡು ಉಂಟು: ಹೊಸ ಪ್ರತಿ ಏಳಲಾರದೆ ಹೋದರೆ, ಕೆಲವು ಪ್ರಯತ್ನಗಳ ತರುವಾಯ, ಹಳೆಯ ಪ್ರತಿಯೇ ಎದ್ದು ಕೂರುತ್ತದೆ. ಅದಕ್ಕೂ ಸಮಯ ಕೊಡಬೇಕಲ್ಲವೆ?

ಕಾಯುವಾಗ ಚಾರ್ಜರಿಗೆ ಹಚ್ಚಿಡಿ. ಸಾಧ್ಯವಾದರೆ ಫೋನಿನೊಂದಿಗೆ ಬಂದದ್ದಕ್ಕೆ, ಒಂದು ಗಂಟೆಯಾದರೂ. ಬ್ಯಾಟರಿಯ ಮಾತು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಲಿಥಿಯಂ ಬ್ಯಾಟರಿ ಹಳೆಯದಾದಂತೆ ಅದರ ಒಳತಡೆ ಹೆಚ್ಚುತ್ತದೆ. ಸುಮ್ಮನೆ ಕುಳಿತ ಫೋನಿಗೆ ಬೇಕಾದಷ್ಟು ವಿದ್ಯುತ್ತನ್ನು ಅದು ಕೊಡಬಲ್ಲುದು. ಒಮ್ಮೆಗೇ ಬಹಳ ಕೇಳಿದರೆ ಅದರ ಒತ್ತಡ ಕುಸಿಯುತ್ತದೆ. ಏಳುವ ಹೊತ್ತಿನಲ್ಲಿ ಚಿಪ್ಪು, ಪರದೆ, ರೇಡಿಯೊ ಎಲ್ಲವೂ ಒಟ್ಟಿಗೆ ಕೇಳುತ್ತವೆ. ಹೀಗಾಗಿ ಶೇಕಡ ೩೦ ಉಳಿದಿದೆ ಎಂದು ತೋರಿಸುತ್ತಿದ್ದ ಫೋನೂ ಲಾಂಛನ ಬಂದೊಡನೆ ಆರಿಹೋಗಬಹುದು. ಕೆಲವು ಐಫೋನುಗಳು ಇದ್ದಕ್ಕಿದ್ದಂತೆ ಆರಿಹೋಗುತ್ತಿದ್ದುದನ್ನು ತಡೆಯಲೆಂದು ೨೦೧೭ರ ಆರಂಭದಲ್ಲಿ ಆಪಲ್ ಹಳೆಯ ಬ್ಯಾಟರಿಯ ಫೋನುಗಳ ವೇಗವನ್ನೇ ತಗ್ಗಿಸಿತು. ಅದನ್ನು ವರ್ಷದ ಕೊನೆಗೆ ಒಪ್ಪಿಕೊಂಡಾಗ ದೊಡ್ಡ ಗದ್ದಲವಾಯಿತು. ಚಾರ್ಜರು ಇದ್ದಾಗ ಏಳುವ ಫೋನು ಅದಿಲ್ಲದಾಗ ಏಳದಿದ್ದರೆ ಬ್ಯಾಟರಿ ಬದಲಿಸಿದರೆ ಸಾಕಾಗಬಹುದು. ಆದರೆ ಹಿಂಬದಿ ಉಬ್ಬಿಕೊಂಡಿದ್ದರೆ, ಪರದೆ ಅಂಚಿನಲ್ಲಿ ಮೇಲೆದ್ದಿದ್ದರೆ ಚಾರ್ಜರಿಗೆ ಹಚ್ಚಲೇಬೇಡಿ, ಒತ್ತಲೂಬೇಡಿ. ಅಂಥ ಬ್ಯಾಟರಿ ಬೆಂಕಿ ಹತ್ತಬಹುದು. ಅದನ್ನು ತಿಳಿದವರೇ ಬಿಚ್ಚಬೇಕು.

ಕಾದದ್ದಾಯಿತು, ಚಾರ್ಜಾಯಿತು. ಈಗ ಬಲವಂತದ ಪುನರಾರಂಭ. ಇದರಿಂದ ಏನೂ ಅಳಿಯುವುದಿಲ್ಲ. ಬಹುಮಟ್ಟಿನ ಆಂಡ್ರಾಯ್ಡ್ ಫೋನುಗಳಲ್ಲಿ ವಿದ್ಯುತ್ ಗುಂಡಿಯನ್ನು ಅರೆ ನಿಮಿಷದವರೆಗೆ ಬಿಡದೆ ಒತ್ತಿ ಹಿಡಿಯಬೇಕು. ಸ್ಯಾಮ್‌ಸಂಗಿನಲ್ಲಿ ಅದರೊಂದಿಗೆ ಧ್ವನಿ ತಗ್ಗಿಸುವ ಗುಂಡಿಯನ್ನೂ ಸೇರಿಸಿ ಒತ್ತಬೇಕು. ಐಫೋನ್ ೮ ಮತ್ತು ಅದರ ಅನಂತರದವುಗಳಲ್ಲಿ ಧ್ವನಿ ಏರಿಸುವ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟು, ತಗ್ಗಿಸುವುದನ್ನು ಒಮ್ಮೆ ಒತ್ತಿ ಬಿಟ್ಟು, ಆಮೇಲೆ ಪಕ್ಕದ ಗುಂಡಿಯನ್ನು ಸೇಬು ಕಾಣುವವರೆಗೆ ಹಿಡಿದಿರಬೇಕು. ಇದಕ್ಕೆ ಮುಂಚೆ ಫೋನಿನ ರಕ್ಷಾಕವಚವನ್ನು ತೆಗೆದುಬಿಡಿ. ಬಿಗಿಯಾದ ಕವಚ ಧ್ವನಿಯ ಗುಂಡಿಯನ್ನು ಸದಾ ಅದುಮಿ ಹಿಡಿದು, ಫೋನು ಏಳುವಾಗಲೆಲ್ಲ ಬೇರೊಂದು ದಾರಿಗೆ ತಿರುಗುವಂತೆ ಮಾಡಬಲ್ಲುದು. ಹೊರಗಿನಿಂದ ಸೇರಿಸಿದ ಸ್ಮೃತಿಯ ಕಾರ್ಡಿದ್ದರೆ ಅದನ್ನೂ ಹೊರಗಿಡಿ. ಕೆಟ್ಟ ಕಾರ್ಡನ್ನು ಓದಲು ಹೆಣಗುತ್ತ ಫೋನು ನಿಂತಿರಬಹುದು.

ಹಾಗೂ ಏಳದಿದ್ದರೆ ಆಂಡ್ರಾಯ್ಡಿನಲ್ಲಿ ಸೇಫ್ ಮೋಡ್ ಎಂಬ ದಾರಿಯಿದೆ. ಲಾಂಛನ ಕಾಣುತ್ತಲೇ ಧ್ವನಿ ತಗ್ಗಿಸುವ ಗುಂಡಿಯನ್ನು ಒತ್ತಿ, ಬೀಗದ ಪರದೆ ಬರುವವರೆಗೆ ಹಿಡಿದಿದ್ದರೆ ಅನೇಕ ಫೋನುಗಳು ಈ ದಾರಿ ಹಿಡಿಯುತ್ತವೆ. ನೀವು ಹಾಕಿಕೊಂಡ ಆ್ಯಪ್‌ಗಳೊಂದೂ ಆಗ ಏಳುವುದಿಲ್ಲ. ಮನೆಯವರು ಮಾತ್ರ ಏಳುತ್ತಾರೆ, ನೆಂಟರು ಮಲಗಿರುತ್ತಾರೆ. ಹೀಗೆ ಫೋನು ಎದ್ದರೆ ಕಾಟ ಕೊಟ್ಟದ್ದು ನೆಂಟರಲ್ಲೊಬ್ಬರು ಎಂದಾಯಿತು. ಈಚೆಗೆ ಹಾಕಿಕೊಂಡದ್ದನ್ನು ತೆಗೆದುಹಾಕಿ, ದೊಡ್ಡ ವಿಡಿಯೋಗಳನ್ನು ಗಣಕಕ್ಕೆ ಸಾಗಿಸಿ ಜಾಗ ಬಿಡಿಸಿ. ಒಳಗೆ ಜಾಗ ಪೂರ್ತಿ ಮುಗಿದ ಫೋನು ಏಳುವಾಗ ಬೇಕಾದ ತಾತ್ಕಾಲಿಕ ಬರಹಗಳನ್ನು ಬರೆಯಲಾರದೆ ನಿಲ್ಲುತ್ತದೆ. ಬೆಳಗಿನ ಶುಭಾಶಯದ ಚಿತ್ರಗಳನ್ನು ವರ್ಷಗಟ್ಟಲೆ ಕೂಡಿಟ್ಟ ಮನೆಗಳಲ್ಲಿ ಇದು ಅಪರೂಪವಲ್ಲ!

ಒಮ್ಮೊಮ್ಮೆ ಫೋನು ತಾನಾಗಿಯೆ ಒಂದು ಕಪ್ಪು ಪರದೆಯನ್ನು ಮುಂದಿಡುತ್ತದೆ. ೨೦೧೭ರಲ್ಲಿ ಬಂದ ಆಂಡ್ರಾಯ್ಡ್ ೮ರಿಂದ ‘ರೆಸ್ಕ್ಯೂ ಪಾರ್ಟಿ’ ಎಂಬ ಕಾವಲು ಸೇರಿತು. ಮುಖ್ಯ ಸೇವೆ ಐದು ನಿಮಿಷದೊಳಗೆ ಐದಕ್ಕಿಂತ ಹೆಚ್ಚು ಸಲ ಕುಸಿದರೆ ಅದು ತಾನೇ ಕೆಲವು ಚಿಕಿತ್ಸೆಗಳನ್ನು ಮಾಡಿ ನೋಡಿ, ಯಾವುದೂ ಫಲಿಸದಿದ್ದಾಗ, ವ್ಯವಸ್ಥೆಯನ್ನು ಎಬ್ಬಿಸಲಾಗುತ್ತಿಲ್ಲ, ನಿಮ್ಮ ಮಾಹಿತಿ ಕೆಟ್ಟಿರಬಹುದು ಎಂದು ಇಂಗ್ಲಿಷಿನಲ್ಲಿ ಹೇಳಿ ಎರಡು ಸಾಲುಗಳನ್ನು ತೋರಿಸುತ್ತದೆ. ಒಂದು, ಮತ್ತೆ ಪ್ರಯತ್ನಿಸು. ಇನ್ನೊಂದು, ಎಲ್ಲವನ್ನೂ ಅಳಿಸು. ಕೆಟ್ಟಿರಬಹುದು ಎಂದರೆ ಕೆಟ್ಟಿದೆ ಎಂದಲ್ಲ. ಮೊದಲನೆಯ ಸಾಲನ್ನೇ ಆರಿಸಿಕೊಳ್ಳಿ. ಒಂದು ಸಲವಲ್ಲ, ಮೂರು ನಾಲ್ಕು ಸಲ. ಕೆಲವು ಫೋನುಗಳಲ್ಲಿ ಇದೇ ಬಗೆಯ ಪಟ್ಟಿಯಲ್ಲಿ ‘ಕ್ಯಾಶ್’ ಅಳಿಸುವ ಸಾಲೂ ಇರುತ್ತದೆ. ಅದು ತಾತ್ಕಾಲಿಕ ಚೂರುಗಳನ್ನು ಮಾತ್ರ ಗುಡಿಸುತ್ತದೆ, ನಿಮ್ಮ ಚಿತ್ರಗಳನ್ನು ಮುಟ್ಟುವುದಿಲ್ಲ. ಆದರೆ ಎಲ್ಲವನ್ನೂ ಅಳಿಸುವ ಸಾಲು ಅದರ ಪಕ್ಕದಲ್ಲಿಯೆ ಕುಳಿತಿರುತ್ತದೆ. ಇಲ್ಲಿ ಬೆರಳಿನ ಸ್ಪರ್ಶಕ್ಕೆ ಬದಲು ಧ್ವನಿಯ ಗುಂಡಿಗಳಿಂದ ಮೇಲೆ ಕೆಳಗೆ ಚಲಿಸಬೇಕಾದುದರಿಂದ ಒಂದು ಮೆಟ್ಟಿಲು ತಪ್ಪುವುದು ಸುಲಭ. ಕನ್ನಡಕ ಹಾಕಿಕೊಂಡು, ಎರಡು ಸಲ ಓದಿ, ಆಮೇಲೆ ವಿದ್ಯುತ್ ಗುಂಡಿಯನ್ನು ಒತ್ತಿ.

ಐಫೋನಿಗೆ ಈ ಪಟ್ಟಿ ಇಲ್ಲ. ಅದನ್ನು ತಂತಿಯಿಂದ ಗಣಕಕ್ಕೆ ಜೋಡಿಸಿ, ಮೇಲೆ ಹೇಳಿದ ಗುಂಡಿಗಳ ಕ್ರಮದಲ್ಲಿಯೆ ಕೊನೆಯ ಗುಂಡಿಯನ್ನು ಸೇಬು ಬಂದ ಮೇಲೂ ಬಿಡದೆ ಹಿಡಿದರೆ ಗಣಕ ಮತ್ತು ತಂತಿಯ ಚಿತ್ರ ಬರುತ್ತದೆ. ಆಗ ಗಣಕವು ‘ಅಪ್‌ಡೇಟ್’, ‘ರಿಸ್ಟೋರ್’ ಎಂಬ ಎರಡು ಮಾತುಗಳನ್ನು ಕೇಳುತ್ತದೆ. ಮೊದಲನೆಯದು ಮಾಹಿತಿಯನ್ನು ಉಳಿಸಿಕೊಂಡೇ ತಂತ್ರಾಂಶವನ್ನು ಮರಳಿ ತುಂಬಲು ಯತ್ನಿಸುತ್ತದೆ. ಎರಡನೆಯದು ಎಲ್ಲವನ್ನೂ ಅಳಿಸುತ್ತದೆ. ಎರಡು ಇಂಗ್ಲಿಷ್ ಪದಗಳ ನಡುವೆ ಎಷ್ಟೊಂದು ಅಂತರ! ತಂತ್ರಾಂಶ ಇಳಿದುಬರಲು ಕಾಲು ಗಂಟೆಗಿಂತ ಹೆಚ್ಚು ಹಿಡಿದರೆ ಫೋನು ತಾನಾಗಿ ಆ ಸ್ಥಿತಿಯಿಂದ ಹೊರಬರುತ್ತದೆ. ಗಾಬರಿ ಬೇಡ, ಇಳಿಯುವುದು ಮುಗಿಯಲಿ, ಆಮೇಲೆ ಗುಂಡಿಗಳ ಕ್ರಮವನ್ನು ಇನ್ನೊಮ್ಮೆ ಮಾಡಿ.

ಎಲ್ಲ ಫೋನುಗಳೂ ಹೀಗೆ ಏಳುತ್ತವೆಂದು ಭರವಸೆ ಕೊಡುವುದು ತಪ್ಪಾಗುತ್ತದೆ. ಯಂತ್ರಭಾಗವೇ ಸೋತ ಸಂದರ್ಭಗಳೂ ಇವೆ. ಎಲ್‌ಜಿ ಸಂಸ್ಥೆ ೨೦೧೫ರಲ್ಲಿ ಮಾರಿದ ಜಿ೪ ಎಂಬ ಫೋನುಗಳಲ್ಲಿ ಹಲವು ಲಾಂಛನದಲ್ಲಿಯೆ ಸುತ್ತತೊಡಗಿದವು. ಒಳಗಿನ ಬಿಡಿಭಾಗಗಳ ನಡುವಿನ ಸಂಪರ್ಕ ಸಡಿಲವಾಗಿರುವುದೇ ಕಾರಣವೆಂದು ಸಂಸ್ಥೆಯೇ ೨೦೧೬ರ ಜನವರಿಯಲ್ಲಿ ಒಪ್ಪಿಕೊಂಡಿತು. ಇಂಥ ದೋಷಕ್ಕೆ ಒಂದು ಲಕ್ಷಣವುಂಟು: ತಣ್ಣಗಿದ್ದಾಗ ಫೋನು ಎರಡು ನಿಮಿಷ ಏಳುತ್ತದೆ, ಬಿಸಿಯಾದೊಡನೆ ಬೀಳುತ್ತದೆ. ಕೈಜಾರಿ ಬಿದ್ದ, ನೀರು ಹೊಕ್ಕ ಫೋನುಗಳೂ ಈ ಗುಂಪಿಗೆ ಸೇರಿದವು. ಇಲ್ಲಿ ಅಳಿಸುವುದರಿಂದ ಬರುವ ಲಾಭ ಏನೇನೂ ಇಲ್ಲ. ಸಡಿಲವಾದ ಬೆಸುಗೆಯನ್ನು ಬಿಗಿ ಮಾಡುವುದು ತಂತ್ರಾಂಶದಿಂದ ಆಗತಕ್ಕ ಕೆಲಸವಲ್ಲ.

ಈಗ ಅಳಿಸುವ ಮಾತಿಗೆ ಬರೋಣ. ಹಿಂದೆ ಗಣಕದಿಂದ ಅಳಿಸಿದ ಬರಹಗಳನ್ನು ನಿಪುಣರು ಮರಳಿ ತೆಗೆಯುತ್ತಿದ್ದರು; ಆ ನಂಬಿಕೆ ಜನರಲ್ಲಿ ಇನ್ನೂ ಉಳಿದಿದೆ. ಇಂದಿನ ಫೋನಿನಲ್ಲಿ ಅದು ನಡೆಯದು. ಒಳಕೋಣೆಯ ಬರಹವೆಲ್ಲ ಗೂಢಲಿಪಿಯಲ್ಲಿ ಇರುತ್ತದೆ. ೨೦೧೯ರಲ್ಲಿ ಬಂದ ಆಂಡ್ರಾಯ್ಡ್ ೧೦ರೊಂದಿಗೆ ಹೊರಟ ಹೊಸ ಫೋನುಗಳಿಗೆಲ್ಲ ಇದು ಕಡ್ಡಾಯವಾಯಿತು, ಐಫೋನುಗಳಲ್ಲಿ ಅದಕ್ಕೂ ಮುಂಚಿನಿಂದ ಇದೆ. ಎಲ್ಲವನ್ನೂ ಅಳಿಸು ಎಂದಾಗ ಫೋನು ಆ ಗೂಢಲಿಪಿಯ ಬೀಗದಕೈಯನ್ನೇ ನಾಶಮಾಡುತ್ತದೆ. ಆಮೇಲೆ ಉಳಿದದ್ದು ಯಾರೂ ಓದಲಾರದ ಅಂಕಿಗಳ ರಾಶಿ. ಫೋನು ಕಳುವಾದಾಗ ನಮ್ಮನ್ನು ಕಾಪಾಡುವ ಏರ್ಪಾಡೇ ಇಲ್ಲಿ ನಮ್ಮ ಕೈಯನ್ನೂ ಕಟ್ಟಿಹಾಕುತ್ತದೆ. ಇದೇ ಕಾರಣದಿಂದ ಸ್ಮೃತಿಯ ಚಿಪ್ಪನ್ನು ಕಿತ್ತು ಬೇರೊಂದು ಫೋನಿಗೆ ಹಾಕಿದರೂ ಪ್ರಯೋಜನವಿಲ್ಲ; ಬೀಗದಕೈಯ ಅರ್ಧ ಭಾಗ ಹಳೆಯ ಮುಖ್ಯ ಚಿಪ್ಪಿನಲ್ಲಿಯೆ ಉಳಿದಿರುತ್ತದೆ.

ಆದುದರಿಂದ ಅಂಗಡಿಗೆ ಹೋದಾಗ, “ಸಾಫ್ಟ್‌ವೇರ್ ಹಾಕಬೇಕು, ಒಂದು ಗಂಟೆ ಬಿಟ್ಟು ಬನ್ನಿ” ಎಂದರೆ ಫೋನನ್ನು ಕೈಬಿಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಒಳಗಿರುವುದು ಉಳಿಯುತ್ತದೆಯೆ? ಮಾಹಿತಿಯನ್ನು ಅಳಿಸದೆ ತಯಾರಕರ ತಂತ್ರಾಂಶವನ್ನು ಮೇಲೆ ಹೊದಿಸುವ ವಿಧಾನ ಕೆಲವು ಫೋನುಗಳಿಗೆ ಉಂಟು. ಅದಕ್ಕೆ ಹೆಚ್ಚು ಹೊತ್ತು, ಹೆಚ್ಚು ತಾಳ್ಮೆ ಬೇಕು. ಅಳಿಸಿ ಹಾಕುವುದು ಅಂಗಡಿಯವನಿಗೆ ಸುಲಭ. ಬೂಟ್‌ಲೋಡರಿನ ಬೀಗ ತೆಗೆಯುತ್ತೇನೆ ಎಂದರೆ ಒಪ್ಪಬೇಡಿ; ಆ ಬೀಗ ತೆಗೆದೊಡನೆ ಎಲ್ಲವೂ ಅಳಿಯುವಂತೆಯೆ ಫೋನನ್ನು ರಚಿಸಿರುತ್ತಾರೆ. ಕಡೆಗೆ ಅಳಿಸಲೇಬೇಕಾಗಿ ಬಂದರೂ, ನಿಮ್ಮ ಗೂಗಲ್ ಅಥವಾ ಆಪಲ್ ಖಾತೆಯ ಹೆಸರು ಮತ್ತು ಗುಪ್ತಪದ ನೆನಪಿದೆಯೆ ಎಂದು ಮೊದಲು ನೋಡಿಕೊಳ್ಳಿ. ಅಳಿಸಿದ ಫೋನು ಏಳುವಾಗ ಅದನ್ನೇ ಕೇಳುತ್ತದೆ. ಹೇಳಲಾರದವರಿಗೆ ಬರಿದಾದ ಫೋನೂ ದಕ್ಕುವುದಿಲ್ಲ.

ಅಳಿಸುವ ಮುನ್ನ ಬೇರೆಲ್ಲಿಯಾದರೂ ಪ್ರತಿ ಇದೆಯೆ ಎಂಬುದನ್ನು ತಿಳಿಯಲು ಕೆಟ್ಟ ಫೋನೇ ಬೇಕೆಂದಿಲ್ಲ. ಮನೆಯ ಬೇರೊಂದು ಫೋನಿನಿಂದಲೋ ಗಣಕದಿಂದಲೋ ನಿಮ್ಮ ಖಾತೆಗೆ ಹೊಕ್ಕು ಗೂಗಲ್ ಫೋಟೋಸಿನಲ್ಲಿ ಅಥವಾ ಐಕ್ಲೌಡಿನಲ್ಲಿ ಕೊನೆಯ ಚಿತ್ರ ಯಾವ ದಿನದ್ದು ಎಂದು ನೋಡಿ. ಉಳಿತಾಯ ನಡೆಯುತ್ತಿದೆ ಎಂದು ನಂಬಿಕೊಂಡಿದ್ದು, ಉಚಿತ ಜಾಗ ಮುಗಿದು ಎರಡು ವರ್ಷದ ಹಿಂದೆಯೆ ಅದು ನಿಂತುಹೋಗಿರುವುದು ಉಂಟು. ವಾಟ್ಸ್ಆ್ಯಪ್ ಸಂಭಾಷಣೆಗಳಿಗೆ ಬೇರೆಯೇ ಉಳಿತಾಯ. ಚಿತ್ರಗಳು ಇದ್ದ ಮಾತ್ರಕ್ಕೆ ಅವೂ ಇವೆಯೆಂದು ಭಾವಿಸಬೇಡಿ.

ಈ ನಡುವೆ ಬ್ಯಾಂಕಿನ ಕೆಲಸ, ಅನಿಲದ ಬುಕಿಂಗು ನಿಲ್ಲಬೇಕಾಗಿಲ್ಲ. ಸಿಮ್ ಕಾರ್ಡನ್ನು ತೆಗೆದು ಯಾವುದಾದರೂ ಹಳೆಯ ಗುಂಡಿಯ ಫೋನಿಗೆ ಹಾಕಿದರೆ ಕರೆಗಳೂ ಬ್ಯಾಂಕಿನ ಒಟಿಪಿಗಳೂ ಅಲ್ಲಿಗೆ ಬರುತ್ತವೆ. ಇದಾದರೆ ಕೆಟ್ಟ ಫೋನಿನ ಮೇಲೆ ಆತುರ ಪಡುವ ಕಾರಣವೂ ಅರ್ಧ ಕಡಿಮೆಯಾಗುತ್ತದೆ.

ಇನ್ನು, ಅದೃಷ್ಟವಶಾತ್ ಫೋನು ಎದ್ದಿತೆನ್ನಿ. ಆಗ ಸಂತೋಷದಿಂದ ಅದನ್ನು ಜೇಬಿಗೆ ಹಾಕಿಕೊಳ್ಳಬೇಡಿ, ಆರಿಸಿ ಹೊತ್ತಿಸಿ ಪರೀಕ್ಷೆ ಮಾಡಬೇಡಿ, ಕಾದು ಕುಳಿತ ನವೀಕರಣಕ್ಕೂ ಒಪ್ಪಿಗೆ ಕೊಡಬೇಡಿ. ಒಮ್ಮೆ ಎಡವಿದ ಫೋನು ಇನ್ನೊಮ್ಮೆ ಏಳದೆ ಹೋಗಬಹುದು. ಚಾರ್ಜರಿಗೆ ಹಚ್ಚಿ, ಗುಪ್ತಸಂಖ್ಯೆ ಒತ್ತಿ ಒಳಕೋಣೆ ತೆರೆದು, ತಂತಿಯಿಂದ ಗಣಕಕ್ಕೆ ಜೋಡಿಸಿ ಮೊದಲು ಚಿತ್ರಗಳು, ಅನಂತರ ಧ್ವನಿಮುದ್ರಣಗಳು, ಅನಂತರ ವಿಳಾಸಗಳು, ಹೀಗೆ ಒಂದೊಂದಾಗಿ ಹೊರಗೆ ಸಾಗಿಸಿ. ದೊಡ್ಡ ಫೋನಾದರೆ ಎರಡು ಮೂರು ಗಂಟೆ ಹಿಡಿಯಬಹುದು. ಅಷ್ಟು ಹೊತ್ತೂ ಪರದೆ ಆರದಂತೆ ನೋಡಿಕೊಳ್ಳಿ. ಫೋನು ಬಿಸಿಯಾದರೆ ಫ್ಯಾನಿನ ಕೆಳಗೆ ಇಡಿ.